ಒಂದು ಗಿಡದ ಎಣಿಕೆ

ಪುಷ್ಯದ ಗಾಳಿ ಈಗ ಸರಿಯಾಗಿ ಬೀಸುತ್ತಿದೆ, ಕಾಕಾನ ಕಣದಲ್ಲಿ ಕೂಲಿಯ ಭಾಗಮ್ಮ ಮೊರ ಎತ್ತಿದಾಗೆಲ್ಲ ತೊಗರಿಯ ಹೊಟ್ಟು ಹಾರಿ ಶಿವಕಾಂತಾಳ ಕಣ್ಣಿಗೇ ಬರುತ್ತದೆ, ಅವಳು ಸೆರಗು ಅಡ್ಡ ಹಿಡಿದು ಬೇವಿನ ಕೊಂಬೆಗೆ ನೇತುಹಾಕಿದ ಚೀಲ ನೋಡುತ್ತಾಳೆ, ಅದರೊಳಗೆ ಪಾಕೀಟು, ಪಾಕೀಟಿನೊಳಗೆ ಗೋಳಗುಚ್ಛಗಳ ಬಗ್ಗೆ ಹದಿನಾಲ್ಕು ಹಾಳೆಯ ಲೇಖನ, ಅಂಟು ಹಚ್ಚಿಯಾಗಿದೆ, ಮಧ್ಯಾಹ್ನದ ಬಸ್ಸಿಗೆ ಕೊಟ್ಟರೆ ಅಫಜಲಪುರದ ಟಪಾಲಿಗೆ ಸೇರುತ್ತದೆ, ಆರು ವರ್ಷದ ದಣಿವಿಗೆ ಇಷ್ಟೇ ತೂಕ — ಮೇಲೆ ಒಂದೇ ಹೆಸರು, ಅವಳದು. ಗೋಳಗುಚ್ಛ ಅಂದರೆ ಇಂಥದೇ ಒಂದು ರಾಶಿ, ಲಕ್ಷಗಟ್ಟಲೆ ಮುದಿ ನಕ್ಷತ್ರಗಳನ್ನು ಒಂದೆಡೆ ಸುರಿದ ಹಾಗೆ, ನಡುವೆ ಗಿರಗಿರ ತಿರುಗುವ ಪಲ್ಸಾರುಗಳು, ಸತ್ತ ಮೇಲೂ ಮಿಡಿಯುವ ನಕ್ಷತ್ರಗಳು, ಅವೆಲ್ಲ ಸೇರಿ ಎಷ್ಟು ಗಾಮಾ ಕಿರಣ ಚೆಲ್ಲುತ್ತವೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ, ಹಾಕಿದಳು, ಗುಚ್ಛ ಧಗಧಗಿಸಬೇಕು ಅಂದಿತು ಲೆಕ್ಕ, ಉಪಗ್ರಹ ಕಣ್ಣಿಟ್ಟು ನೋಡಿದರೆ ಅಲ್ಲಿ ಕತ್ತಲೆ, ಎರಡು ವರ್ಷ ಸಮೀಕರಣ ತಿದ್ದಿ ತಿದ್ದಿ ಸೋತಳು, ಆಮೇಲೆ ಆ ಬೆರಳು — ಹುಸೇನಪೀರನದು, ಅವಳು ಭೌತಶಾಸ್ತ್ರ ಕಲಿಸುವ ಆಳಂದದ ಕಾಲೇಜಿನಲ್ಲಿ ಪಕ್ಕದ ಕೋಣೆಯಲ್ಲಿ ಗಣಿತ ಹೇಳುವವನು, ಶನಿವಾರ ಶನಿವಾರ ಕಲಬುರ್ಗಿಗೆ ಹೋಗಿ ಅವಳ ಲೆಕ್ಕವನ್ನು ಕಂಪ್ಯೂಟರಿಗೆ ಉಣಿಸಿ ತರುವವನು, ಉಗುರಿನಲ್ಲಿ ಸೀಮೆಸುಣ್ಣದ ಬಿಳಿ, ನೂರು ಎಂಬ ಅಂಕಿಯ ಮೇಲೆ ಬೆರಳಿಟ್ಟು, ಮೇಡಂ, ಒಂದ್ ಛಲೋ ಪಲ್ಸಾರ್ ಹಿಡಿದು ನೂರಕ್ಕ ಗುಣಿಸೀರಿ, ಎಲ್ಲಾ ಅಷ್ಟ ಬೆಳಗ್ತಾವೇನ್ರಿ, ಮತ್ತು ಅವಳು, ಹೌದು ಅವಳೇ, ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, ನೀವು ಅಂಕಿ ತುಂಬ್ರಿ ಸಾಕು ಸರ್, ಆಕಾಶ ನನಗ ಬಿಡ್ರಿ, ಎಲ್ಲರೂ ನಕ್ಕರು, ಅವನೂ ನಕ್ಕ, ಬೆರಳನ್ನು ಮಾತ್ರ ಕೂಡಲೇ ತೆಗೆಯಲಿಲ್ಲ. ಮೂರು ತಿಂಗಳ ಮೇಲೆ ಯಾರಿಗೂ ಹೇಳದೆ ನೂರರಲ್ಲಿ ಮಂದವಾದವುಗಳನ್ನು ಮಂದವಾಗಿಯೇ ಲೆಕ್ಕಕ್ಕೆ ಹಿಡಿದಳು, ಬೆಳಕು ಇಳಿಯಿತು, ಉಪಗ್ರಹದ ಕತ್ತಲೆಗೆ ಹೊಂದಿತು, ಹದಿನಾಲ್ಕು ಹಾಳೆಯೂ ಅವನ ಆ ಒಂದು ಮಾತಿನ ಮೇಲೆಯೇ ನಿಂತಿವೆ.

ಭಾಗಮ್ಮ ಮೊರ ಇಳಿಸಿ ಕಾಕಾನತ್ತ ತಿರುಗಿದ್ದಾಳೆ, ಸಾವಕಾರ್ರ, ಇಪ್ಪತ್ತು ಚೀಲ ಅಂತ ಅತನೂರ ತುಂಬ ಹೇಳಿದ್ರಿ, ಹನ್ನೊಂದೂ ತುಂಬವಲ್ದು, ಉಳಿದದ್ದು ಇಲಿ ತಿಂದೂವೇನ್ರಿ, ಚಂದ್ರಾಮಪ್ಪ ಕಾಕಾ ಟೋಪಿ ತೆಗೆದು ತಲೆ ಕೆರೆಯುತ್ತಾನೆ, ಇಲಿ ಅಲ್ಲಬೇ, ನಾನ ತಿಂದೀನಿ, ಕಾಲುವಿ ಬಾಜೂ ಒಂದ್ ಗಿಡದ ಕಾಯಿ ಎಣಿಸಿ ಹೊಲಾ ತುಂಬ ಗುಣಿಸಿದ್ದೆ, ನಡೂ ಹೊಲದಾಗ ಬಂದು ನೋಡ್ರಿ ಅಂತ ನೀ ಆವಾಗ ಹೇಳಿದ್ದಿ, ನಾ ಕೇಳಲಿಲ್ಲ, ನಿಂದ ಖರೆ ಆತು, ಕಣವೆಲ್ಲ ನಗುತ್ತದೆ, ಕಾಕಾನೂ ನಕ್ಕು ಬಿಂದಿಗೆಯ ನೀರು ಕುಡಿಯುತ್ತಾನೆ, ಇಷ್ಟೇ, ಇಷ್ಟು ಸುಲಭ, ಮೀಸೆಯ ನೀರು ಒರೆಸಿಕೊಂಡಷ್ಟು — ರಸ್ತೆಯಲ್ಲಿ ಹಾರ್ನ್. ಬಸ್ ಬಂತು ನೋಡವ್ವಾ, ಪಾಕೀಟ ಕೊಡಾಕಿ ಇದ್ದ್ಯಲ್ಲ, ಹೂಂ ಕಾಕಾ, ಪಾಕೀಟು ಒಡೆಯಬಹುದು, ಪೆನ್ನು ಚೀಲದಲ್ಲೇ ಇದೆ, ಹೆಸರಿನ ಕೆಳಗೆ ಇನ್ನೊಂದು ಹೆಸರು, ಆದರೆ ಟೈಪು ಮಾಡಿದ ಹಾಳೆ, ಮತ್ತೆ ಮಾಡಿಸಬೇಕು, ಆಳಂದಕ್ಕೆ ಹೋಗಬೇಕು, ಯಾಕೆ ಎಂದು ಹೇಳಬೇಕು, ಕಾಲು ಸೋತಿವೆ, ಕಾಲು ಸೋತಿವೆ ಅನ್ನುತ್ತಲೇ ಅವು ರಸ್ತೆಯವರೆಗೆ ನಡೆದಿವೆ, ಕಂಡಕ್ಟರ್ ಕಿಟಕಿಯಿಂದ ಕೈ ಚಾಚುತ್ತಾನೆ, ತರ್ರೀ ಅಕ್ಕಾರ, ಲಗೂನ, ಕೊಟ್ಟಿದ್ದಾಳೆ, ಬಸ್ಸು ಹೋಗಿದೆ, ಧೂಳು, ಹೊಟ್ಟು, ಸೋಮವಾರ ಹುಸೇನಪೀರನೇ ಎದ್ದು ಬಂದು ಕೇಳುತ್ತಾನೆ, ಕಳಿಸಿದ್ರೇನ್ರಿ ಮೇಡಂ, ಛಲೋ ಆತು ಬಿಡ್ರಿ, ಖುಷಿಯಿಂದಲೇ ಕೇಳುತ್ತಾನೆ, ಅವಳು ಹೂಂ ಸರ್ ಅನ್ನುತ್ತಾಳೆ, ಮೇಜಿನ ಮೇಲೆ ಹಳೆಯ ಹಾಳೆ ಇರುತ್ತದೆ, ಹಾಳೆಯ ಮೇಲೆ ನೂರು, ನೂರರ ಮೇಲೆ ಬೆರಳು, ಉಗುರಿನ ಬಿಳಿ, ಇನ್ನೂ ತೆಗೆಯದ ಬೆರಳು