ಕೂಗದೆ ಉಳಿದ ತೂಕ

ಏಳನೇ ತರಗತಿಯ ಸಾಲು ಶಾಲೆಯ ಸಭಾಂಗಣಕ್ಕೆ ಬಂದಾಗ ಜ್ಯೋತಿ ತಲೆಯೆತ್ತಲಿಲ್ಲ. ಆ ಸಾಲಿನಲ್ಲಿ ಎಲ್ಲೋ ತನ್ನ ಮಗಳು ಸ್ಫೂರ್ತಿ ಇದ್ದಾಳೆಂದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಕಣ್ಣು ಸೇರಿದರೆ ಹುಡುಗಿ ಮುಜುಗರಪಟ್ಟುಕೊಂಡಾಳು, ಉಳಿದವರ ಹಾಗೆಯೇ ಬಂದು ಹೋಗಲಿ ಎಂದುಕೊಂಡು ತೂಕದ ಮಿಷನ್ನಿನ ಮೇಲಿನ ಧೂಳನ್ನು ಇನ್ನೊಮ್ಮೆ ಒರೆಸಿದಳು.

"ಲಾಭ!" ಎಂದು ಕೂಗಿ ಮೊದಲ ಹುಡುಗನನ್ನು ಮಿಷನ್ ಹತ್ತಿಸಿದಳು. ಮಕ್ಕಳು ಗೊಳ್ಳೆಂದು ನಕ್ಕರು. "ಮೂವತ್ತನಾಕು ಪಾಯಿಂಟ್ ಎರಡು!"

ಅದು ಬನವಾಸಿಯ ತವರಿನ ಅಂಗಳದಿಂದ ಬಂದ ದನಿ. ಅವಳ ಅಪ್ಪ ಅಂದಾನಪ್ಪನವರದು ಕಾಳುಕಡಿಯ ವ್ಯಾಪಾರ. ಅಲ್ಲಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲೆಕ್ಕ ಎರಡರಿಂದ ಮುಂದುವರಿಯುತ್ತದೆ. ತೂಕವನ್ನಂತೂ ಅಂಗಳದ ಆಚೆ ತುದಿಯಲ್ಲಿ ಗಾಡಿ ಬಿಚ್ಚುತ್ತಿರುವವನಿಗೂ ಕೇಳುವಂತೆ ಕೂಗಬೇಕು. ಮೆಲ್ಲಗೆ ಹೇಳಿದರೆ ಮಾಲು ತಂದವನಿಗೆ ಅನುಮಾನ ಬರುತ್ತದೆ. ಗಟ್ಟಿಯಾಗಿ ಕೂಗುವುದೇ ಪ್ರಾಮಾಣಿಕತೆ ಎಂದು ಜ್ಯೋತಿ ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಅದು ಅವಳ ಗಂಟಲಿನಲ್ಲೇ ಇತ್ತು.

ರಾಜ್ಯದ ಶಾಲಾಮಕ್ಕಳಲ್ಲಿ ಬೊಜ್ಜು ಎಷ್ಟಿದೆ, ಹಿಂದಿನ ಸುತ್ತಿಗಿಂತ ಏರಿದೆಯೋ ಇಳಿದಿದೆಯೋ ಎಂದು ನೋಡುವ ಸಮೀಕ್ಷೆ ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಆಯ್ಕೆಯಾದ ಶಾಲೆಗಳಿಗೆ ಜ್ಯೋತಿ ಮತ್ತು ಕೋಲಸಿರ್ಸಿಯ ಶೈಲಾ ಜೀಪಿನಲ್ಲಿ ಹೋಗುತ್ತಿದ್ದರು. ಜ್ಯೋತಿ ಎತ್ತರ, ತೂಕ ನೋಡಿ ಕೂಗುವುದು, ಶೈಲಾ ಟ್ಯಾಬಿನಲ್ಲಿ ಒತ್ತುವುದು. ಒತ್ತಿದ ಕೂಡಲೇ ಟ್ಯಾಬು ಬಣ್ಣ ತೋರಿಸುತ್ತಿತ್ತು. ಹಸಿರಾದರೆ ಸರಿ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ಬೊಜ್ಜು. ಒಬ್ಬೊಬ್ಬರನ್ನೇ ಮರೆಯಲ್ಲಿ ತೂಗಬೇಕೆಂದು ತರಬೇತಿಯಲ್ಲಿ ಒಂದು ಮಡಚುವ ಪರದೆಯನ್ನೂ ಕೊಟ್ಟಿದ್ದರು. ಅದು ಕಟ್ಟು ಬಿಚ್ಚದೆ ಜೀಪಿನ ಹಿಂದಿನ ಸೀಟಿನಡಿ ಬಿದ್ದಿತ್ತು. "ಮುಚ್ಚಿಟ್ಟು ತೂಗಲಿಕ್ಕೆ ಇದೇನು ಕದ್ದ ಮಾಲೇನು?" ಎಂದು ಜ್ಯೋತಿ ಮೊದಲ ದಿನವೇ ನಕ್ಕುಬಿಟ್ಟಿದ್ದಳು.

ಸಾಲು ಮುಗಿಯಿತು. ಸ್ಫೂರ್ತಿ ಬರಲಿಲ್ಲ.

"ಜ್ಯೋತಿಯಕ್ಕಾ, ನಾಲ್ಕು ಜನ ಬಾಕಿ," ಎಂದಳು ಶೈಲಾ, ದನಿ ತಗ್ಗಿಸಿ.

ಮೂವರ ವಿಷಯ ಜ್ಯೋತಿಗೆ ಗೊತ್ತಿತ್ತು. ಬೆಳಿಗ್ಗೆ ಮುಖ್ಯೋಪಾಧ್ಯಾಯ ರವೀಂದ್ರ ಸರ್ ಜೊತೆ ಅದಕ್ಕೇ ಜಗಳವಾಗಿತ್ತು.

"ಆ ಮೂವರಿಗೂ ಜ್ವರ ಮೇಡಂ," ಎಂದಿದ್ದರು ಅವರು.

"ದಪ್ಪ ಇದ್ದ ಮೂವರನ್ನೇ ಹುಡುಕಿಕೊಂಡು ಬಂತಾ ಸರ್ ಜ್ವರ?"

"ಶಾಲೆ ಹೆಸರೂ ನೋಡ್ಬೇಕಲ್ಲ. ಪಾಲಕರು ಕೇಳ್ತಾರೆ, ಎಂತ ತಿನ್ನಿಸ್ತೀರಿ ನಮ್ಮ ಮಕ್ಕಳಿಗೆ ಅಂತ."

"ಅವರನ್ನೆಲ್ಲ ಮನೇಲಿ ಅಡಗಿಸಿಟ್ರೆ ನಮ್ಮ ರಾಜ್ಯದಲ್ಲಿ ದಪ್ಪ ಮಕ್ಕಳೇ ಇಲ್ಲ ಅಂತ ಲೆಕ್ಕ ಬರ್ತದೆ. ಇಲ್ಲದ ತೊಂದರೆಗೆ ಯಾರು ಔಷಧಿ ಮಾಡ್ತಾರೆ? ನಾಳೆ ಮತ್ತೆ ಬರ್ತೇವೆ, ಕರೆಸಿಡಿ."

ಈಗ ಅದೇ ರವೀಂದ್ರ ಸರ್ ಬಾಗಿಲಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡರು. "ನಾಲ್ಕನೇದು ನಿಮ್ಮ ಮಗಳಲ್ವಾ ಮೇಡಂ? ಅವಳಿಗೂ ಜ್ವರ ಅಂತ ಬರ್ಕೊಳ್ಳುವಾ?"

ಜ್ಯೋತಿ ತರಗತಿಯ ಕಡೆ ಹೊರಟಳು. ಜೀಪನ್ನು ಶೈಲಾಳಿಗೆ ಬಿಟ್ಟು, ಬೆಳಿಗ್ಗೆ ತಾಯಿ ಮಗಳು ಒಂದೇ ಸ್ಕೂಟಿಯಲ್ಲಿ ಬಂದಿದ್ದರು. ಗೇಟಿನಲ್ಲಿ ಇಳಿದವಳು ತಿರುಗಿ ಕೈಬೀಸಿರಲಿಲ್ಲ, ಅಷ್ಟೇ.

ತರಗತಿಯಲ್ಲಿ ಸ್ಫೂರ್ತಿಯ ಚೀಲ ಬೆಂಚಿನ ಮೇಲಿತ್ತು. ಜ್ಯೋತಿ ತೆರೆದು ನೋಡಿದಳು. ತಾನು ಕೊಟ್ಟ ಚಪಾತಿ ಹಾಗೆಯೇ ಇತ್ತು. ನೀರಿನ ಬಾಟಲಿ ಕತ್ತಿನವರೆಗೆ ತುಂಬಿತ್ತು. ಪಕ್ಕದ ಬೆಂಚಿನ ರಕ್ಷಿತಾ ಉಗುರು ಕಚ್ಚುತ್ತ ಅವಳನ್ನೇ ನೋಡುತ್ತಿದ್ದಳು.

"ಎಲ್ಲಿ ಹೋದ್ಳೇ?"

"ಗೊತ್ತಿಲ್ಲ ಆಂಟಿ." ಸ್ವಲ್ಪ ತಡೆದು, "ಅವ್ಳು ನಿನ್ನೆ ಮಧ್ಯಾಹ್ನದಿಂದ ನೀರೂ ಕುಡೀಲಿಲ್ಲ. ನೀರು ಕುಡಿದ್ರೆ ಮಿಷನ್ನಲ್ಲಿ ಜಾಸ್ತಿ ಬರ್ತದಂತೆ," ಎಂದಳು.

ರಾತ್ರಿ ಊಟಕ್ಕೆ ಕರೆದಾಗ ಸ್ಫೂರ್ತಿ ಹೊಟ್ಟೆ ತುಂಬಿದೆ ಎಂದಿದ್ದಳು. ಜ್ಯೋತಿಗೆ ಒಳಗೊಳಗೇ ಸಮಾಧಾನವೇ ಆಗಿತ್ತು, ಒಂದು ಹೊತ್ತು ಬಿಟ್ಟರೆ ಒಳ್ಳೆಯದೇ ಎಂದು.

ಅವಳು ಬಾಟಲಿ ಹಿಡಿದುಕೊಂಡೇ ಹೊರಗೆ ಓಡಿದಳು. ಶೌಚಾಲಯ ಖಾಲಿ. ಗೇಟಿನವನು ಯಾರೂ ಹೊರಗೆ ಹೋಗಲಿಲ್ಲ ಎಂದ. ಹಾಗಾದರೆ? ಶಾಲೆಯ ಹಿಂದೆ ಬಾವಿಯಿದೆ ಎಂಬುದು ಅವಳಿಗೆ ನೆನಪಾದದ್ದು ಕಾಲು ಆ ಕಡೆ ತಿರುಗಿದ ಮೇಲೆಯೇ. ಬಿಸಿಲಿನಲ್ಲಿ ಕಟ್ಟೆಯ ಮೇಲೆ ಬಗ್ಗಿದಳು. ಕಬ್ಬಿಣದ ಬಲೆ ಭದ್ರವಾಗಿತ್ತು. ಕೆಳಗೆ ನೀರು ಅಲ್ಲಾಡದೆ ನಿಂತಿತ್ತು. ಅವಳು ಬಲೆಯನ್ನು ಎರಡೂ ಕೈಯಿಂದ ಹಿಡಿದು ಎಳೆದು ನೋಡಿದಳು, ಬರುವುದಿಲ್ಲ ಎಂದು ಖಾತ್ರಿಯಾಗುವವರೆಗೂ.

ಬಾವಿಯ ಪಕ್ಕದಲ್ಲಿ ಆಟದ ಸಾಮಾನು ಇಡುವ ಕೋಣೆ. ಬೀಗ ಚಿಲಕದಲ್ಲಿ ಸುಮ್ಮನೆ ನೇತಾಡುತ್ತಿತ್ತು. ಬಾಗಿಲು ತಳ್ಳಿದರೆ ಒಳಗಿನಿಂದ ಹಾಕಿತ್ತು.

"ಪುಟ್ಟಿ."

ಒಳಗೆ ಏನೋ ಸರಿದ ಸದ್ದಾಯಿತು.

"ಸ್ಫೂರ್ತಿ, ಬಾಗಿಲು ತೆಗಿ."

"ನೀ ಹೋಗು."

"ಎಂತ ಆಯ್ತು ಹೇಳು ಮೊದ್ಲು."

"ಎಂತದೂ ಆಗ್ಲಿಲ್ಲ. ನಂಗೆ ಗೈರು ಹಾಕಿ ಹೋಗು. ಉಳಿದೋರಿಗೆ ಹಾಕಿಲ್ವಾ?"

"ಅವರನ್ನೂ ನಾಳೆ ತೂಗ್ತೇವೆ. ಎಲ್ಲರೂ ಒಂದೇ, ಪುಟ್ಟಿ. ನನ್ನ ಮಗಳು ಅಂತ ನಿನ್ನ ಬಿಟ್ರೆ…"

"ಸಂದೇಶನ್ನೂ ಬಿಡ್ಲಿಲ್ಲ ಅಲ್ವಾ ನೀನು?"

ಆ ಹೆಸರಿನ ಹುಡುಗ ಯಾರೆಂದು ಜ್ಯೋತಿಗೆ ಹೊಳೆಯಲಿಲ್ಲ.

"ಅರಬೈಲ್ ಹತ್ರದ ಶಾಲೆ. ರಕ್ಷಿತಾನ ಅತ್ತೆ ಮಗ ಅವನ ಕ್ಲಾಸೇ. ಸಂದೇಶ ಅವತ್ತಿಂದ ಶಾಲೆಗೇ ಬರ್ತಾ ಇಲ್ಲ, ಗೊತ್ತುಂಟಾ ನಿಂಗೆ?"

ಆಗ ನೆನಪಾಯಿತು. ಕಳೆದ ವಾರ. ಅಂಗಿಯ ತುದಿ ಎಳೆದುಕೊಳ್ಳುತ್ತಿದ್ದ ಗುಂಡನೆಯ ಹುಡುಗ. ಅರವತ್ತೆರಡು ಪಾಯಿಂಟ್ ನಾಲ್ಕು ಎಂದು ಕೂಗಿದ್ದಳು. ಟ್ಯಾಬಿನಲ್ಲಿ ಕೆಂಪು ಬಂದಿತ್ತು. ಸಾಲಿನ ಹಿಂದಿನಿಂದ ಯಾರೋ "ಘಟ್ಟ ಹತ್ತೂಕೆ ಕೆಂಪು ಬಸ್ ಬಂತು, ಸೈಡ್ ಕೊಡ್ರೋ!" ಎಂದಿದ್ದ. ಶಾಲೆಗೆ ಶಾಲೆಯೇ ನಕ್ಕಿತ್ತು. ಅವಳು "ಮುಂದಿನವರು ಬರ್ರಿ" ಎಂದಿದ್ದಳು.

"ಹುಡುಗರು ಏನೋ ಅಂತಾರೆ, ಅದಕ್ಕೆಲ್ಲ…"

"ಅಜ್ಜನ ಮನೇಲೂ ಹುಡುಗ್ರು ಮಾತ್ರ ನಗಾಡಿದ್ದಾ?"

ಬನವಾಸಿಯಲ್ಲಿ ಪ್ರತಿ ದೀಪಾವಳಿಗೆ ಮೊಮ್ಮಕ್ಕಳನ್ನು ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುವುದು ಅಂದಾನಪ್ಪನವರ ಪದ್ಧತಿ. ಮೈ ತುಂಬದೆ ಎರಡು ಕೂಸು ಕೈಬಿಟ್ಟು ಹೋದ ಮನೆ ಅದು. ಮಗು ಒಂದು ಕಿಲೋ ಹೆಚ್ಚಿತೆಂದರೆ ಅವ್ವ ಮುರಿಗೆವ್ವ ದೃಷ್ಟಿ ತೆಗೆಯುತ್ತಿದ್ದಳು. ಕಳೆದ ದೀಪಾವಳಿಯಲ್ಲಿ ಸ್ಫೂರ್ತಿ ಬೇಡವೆಂದಳು. ಎಲ್ಲರೂ ಸೇರಿ ಎತ್ತಿ ನಿಲ್ಲಿಸಿದರು. ಅಜ್ಜ ಕೂಗಿದರು. ಅಣ್ಣನ ಮಗ ಚನ್ನಬಸವ, ಮಾಲಿನ ಲೆಕ್ಕದಲ್ಲಿ ಖಾಲಿ ಚೀಲದ ತೂಕ ಕಳೆಯುವ ಹಾಗೆ, "ಅಜ್ಜಾ, ಚೀಲದ ತೂಕ ಕಳೀರಿ, ಕಳೀರಿ!" ಎಂದ. ಅಂಗಳವೆಲ್ಲ ನಗು. ಅವತ್ತು ರಾತ್ರಿಯ ಹೋಳಿಗೆಯನ್ನು ಸ್ಫೂರ್ತಿ ಮುಟ್ಟಲಿಲ್ಲ ಎಂಬುದು ಜ್ಯೋತಿಗೆ ಈಗ ನೆನಪಾಯಿತು.

"ನೀನೂ ನಗಾಡ್ದೆ," ಎಂದಿತು ಬಾಗಿಲ ಒಳಗಿನ ದನಿ. "ಎಲ್ಲರಿಗಿಂತ ಗಟ್ಟಿಯಾಗಿ ನೀನೇ ನಗಾಡಿದ್ದು."

ಜ್ಯೋತಿ ಬಾಗಿಲಿನ ಎದುರು ನೆಲದ ಮೇಲೆ ಕುಳಿತಳು. ಅದು ಪ್ರೀತಿಯ ನಗು ಎಂದು ಹೇಳಬೇಕೆಂದಿದ್ದಳು. ನಮ್ಮ ಮನೆಯಲ್ಲಿ ತೂಕ ಕೂಗುವುದು ಸಂತೋಷಕ್ಕೆ ಎಂದು ವಿವರಿಸಬೇಕೆಂದಿದ್ದಳು. ಎರಡೂ ಮಾತು ಅಪ್ಪನ ದನಿಯಲ್ಲೇ ಬಾಯಿಗೆ ಬಂದವು, ಅವನ್ನು ಬಿಟ್ಟಳು. ಆ ಕಡೆ ಮಗಳು ಒಣಗಿದ ಬಾಯಿಯಿಂದ ಉಸಿರಾಡುವುದು ಕೇಳುತ್ತಿತ್ತು.

ಜ್ಯೋತಿ ಮೆಲ್ಲಗೆ ಏನೋ ಹೇಳಿದಳು.

"ಎಂತ? ಕೇಳ್ತಿಲ್ಲೆ."

ಕೇಳುತ್ತಿಲ್ಲ ಎಂದು ಜೀವನದಲ್ಲಿ ಯಾರೂ ಜ್ಯೋತಿಗೆ ಹೇಳಿರಲಿಲ್ಲ. ಬಾಗಿಲಿನ ಸಂದಿಗೆ ಬಾಯಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದಳು: "ನಗಬಾರದಿತ್ತು ನಾನು."

ಒಳಗಿನ ಹೆಜ್ಜೆ ಸದ್ದು ಬಾಗಿಲಿನ ಹತ್ತಿರ ಬಂದು ನಿಂತಿತು.

"ಇವತ್ತು ಕೂಗೂದಿಲ್ಲ, ಪುಟ್ಟಿ."

"ನಿನ್ನ ಹತ್ರ ಆಗೂದಿಲ್ಲ ಅದು."

"ಹಂಗಾದ್ರೆ ನಾನು ಒಳಗೇ ಇರೂದಿಲ್ಲ. ಶೈಲಕ್ಕ ತೂಗಲಿ. ಬಾಗಿಲು ಹಾಕಿಕೊಂಡು."

"ಆಮೇಲೆ ಟ್ಯಾಬಿನಲ್ಲಿ ನೋಡ್ತೀಯ."

ನೋಡಬೇಕು ಎಂದೇ ಜ್ಯೋತಿಯ ಮೈಯೆಲ್ಲ ಹೇಳುತ್ತಿತ್ತು. ತಾಯಿಯಾಗಿ ತಿಳಿಯಬೇಡವೇ? ಎಷ್ಟಾಯಿತು, ಎಷ್ಟು ಇಳಿಸಬೇಕು, ನಾಳೆಯಿಂದ ಏನು ಬಡಿಸಬೇಕು? ಆದರೆ ಒಳಗೆ ಇರುವವಳು ಕೇಳುತ್ತಿರುವುದು ಇದೊಂದನ್ನೇ ಎಂದೂ ತಿಳಿಯುತ್ತಿತ್ತು.

"ನೋಡೂದಿಲ್ಲ."

"ಅಜ್ಜಂಗೂ ಹೇಳೂದಿಲ್ಲ?"

"ಗೊತ್ತಿದ್ರೆ ತಾನೇ ಹೇಳೂದು? ಆದ್ರೆ ಮೊದ್ಲು ನೀರು ಕುಡಿ."

"ತೂಕ ಆದ್ಮೇಲೆ ಕುಡೀತೆ."

"ಅದಾಗೂದಿಲ್ಲ. ನೀರಿನ ತೂಕವೂ ಬರಲಿ. ಈಗ ಕುಡಿ."

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು. ಸಂದಿಯಿಂದ ಕೈಯೊಂದು ಬಂತು, ಮುಖ ಬರಲಿಲ್ಲ. ಜ್ಯೋತಿ ಬಾಟಲಿಯನ್ನು ಆ ಕೈಗೆ ಕೊಟ್ಟಳು. ಗಟಗಟ ಕುಡಿಯುವ ಸದ್ದು ಕೇಳುತ್ತ ಕುಳಿತಳು.

ಪರದೆಯನ್ನು ಜೀಪಿನಿಂದ ಅವಳೇ ಹೊತ್ತು ತಂದಳು. ಕಟ್ಟು ಬಿಗಿದುಹೋಗಿತ್ತು, ಹಲ್ಲಿನಿಂದ ಬಿಚ್ಚಿದಳು. "ಮೊದಲನೇ ದಿನಾನೇ ಹೇಳಿದ್ನಲ ಅಕ್ಕಾ," ಎಂದು ಶುರುಮಾಡಿದ ಶೈಲಾ ಅವಳ ಮುಖ ನೋಡಿ ಪರದೆಯ ಇನ್ನೊಂದು ತುದಿ ಹಿಡಿದಳು.

ಸ್ಫೂರ್ತಿ ತಲೆ ತಗ್ಗಿಸಿ ಸಭಾಂಗಣದ ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗೆ ನಿಂತ ಜ್ಯೋತಿಯ ಕಿವಿ ತಾನಾಗಿಯೇ ಬಾಗಿಲಿಗೆ ವಾಲಿತು. ಅವಳು ಎರಡು ಹೆಜ್ಜೆ ದೂರ ಸರಿದಳು.

ರವೀಂದ್ರ ಸರ್ ಬಂದರು. "ಸಿಕ್ಕಿದ್ಳಲ್ಲ, ಸಾಕು. ಎಷ್ಟು ಬಂತು?"

"ಗೊತ್ತಿಲ್ಲ ಸರ್."

"ನಿಮಗೇ ಗೊತ್ತಿಲ್ವಾ?"

"ಇಲ್ಲ. ಇವತ್ತೇ ಆ ಮೂವರ ಮನೆಗೆ ನಾನೇ ಫೋನ್ ಮಾಡ್ತೇನೆ. ಬಾಗಿಲು ಹಾಕಿ ತೂಗ್ತೇವೆ, ಯಾರಿಗೂ ಕೇಳೂದಿಲ್ಲ ಅಂತ ಹೇಳ್ತೇನೆ." ಅರಬೈಲಿನ ಸಂದೇಶನ ಮನೆಗೂ ಹೋಗಬೇಕು ಎಂದುಕೊಂಡಳು.

ಬಾಗಿಲು ತೆರೆಯಿತು. ಸ್ಫೂರ್ತಿಯ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಖಾಲಿ ಬಾಟಲಿಯನ್ನು ಅಮ್ಮನ ಕೈಗಿಟ್ಟು, "ಹಸಿವಾಗ್ತದೆ," ಎಂದಷ್ಟೇ ಹೇಳಿ ತರಗತಿಯ ಕಡೆ ನಡೆದಳು.

ಜ್ಯೋತಿ ಸಭಾಂಗಣದ ಒಳಗೆ ಹೋದಾಗ ಶೈಲಾ ಟ್ಯಾಬು ಹಿಡಿದುಕೊಂಡು ಬಂದಳು. ದಿನದ ಲೆಕ್ಕ ಕಳಿಸಲು ಜ್ಯೋತಿಯ ಹೆಬ್ಬೆರಳು ಬೇಕಿತ್ತು. "ಕೊನೇದರ ತೂಕ ಮೇಲೇ ಕಾಣ್ತದೆ ಅಕ್ಕಾ," ಎಂದಳು ಮೆಲ್ಲಗೆ.

ಜ್ಯೋತಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೈ ಚಾಚಿದಳು. ಮಗಳು ಅಂಗಳ ದಾಟುತ್ತಿದ್ದಳು, ನಡುವೆ ಒಮ್ಮೆ ತಿರುಗಿ ಕಿಟಕಿಯನ್ನು ನೋಡಿದಳು. ಬೆರಳು ಎಲ್ಲಿ ಒತ್ತಬೇಕೆಂದು ಶೈಲಾ ಅದನ್ನು ಹಿಡಿದು ತೋರಿಸಬೇಕಾಯಿತು.