ದೊಡ್ಡಕ್ಕನ ಮೊಣಕಾಲು

ನಾಟಕ ತಂಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಬದಲಿ’. ಮುಖ್ಯ ನಟಿಗೆ ಜ್ವರ ಬಂದರೆ, ಗಂಟಲು ಕಟ್ಟಿದರೆ, ಬಸ್ಸು ತಪ್ಪಿದರೆ, ಆ ಜಾಗದಲ್ಲಿ ರಂಗಕ್ಕೆ ಇಳಿಯಬೇಕಾದವಳು ಅವಳು. ಒಂಬತ್ತು ವರ್ಷಗಳಲ್ಲಿ ಮುಖ್ಯ ನಟಿಗೆ ಜ್ವರ ಬಂದದ್ದು ಎರಡು ಸಲ. ಬಸ್ಸು ಒಮ್ಮೆಯೂ ತಪ್ಪಿರಲಿಲ್ಲ.

ಕೆಲಸದ ನಿಯಮ ಸರಳವಾಗಿತ್ತು. ಪ್ರದರ್ಶನಕ್ಕೆ ಒಂದು ಗಂಟೆ ಮೊದಲು ಬಂದು ಹಾಜರಿ ಹಾಕಬೇಕು. ಮುಖ್ಯ ನಟಿ ಕೊನೆಯ ಸಲ ರಂಗದ ಮೇಲೆ ಕಾಲಿಡುವವರೆಗೆ ಕಟ್ಟಡ ಬಿಟ್ಟು ಕದಲುವಂತಿಲ್ಲ. ಕಾಲಿಟ್ಟ ಮರುಕ್ಷಣ ಮನೆಗೆ ಹೋಗಬಹುದು. ಉಳಿದ ಬದಲಿಗಳು ಆ ಹೊತ್ತನ್ನು ಹರಟೆಯಲ್ಲೋ ಫೋನಿನಲ್ಲೋ ಕಳೆಯುತ್ತಿದ್ದರು. ಇವಳು ಮಾತ್ರ ಎಡಬದಿಯ ಪರದೆಯ ಮರೆಯಲ್ಲಿ ಕುಳಿತು, ಕಣ್ಣು ಕೀಳದೆ ನೋಡಿ, ಬರೆದುಕೊಳ್ಳುತ್ತಿದ್ದಳು. ಮೊದಲನೆಯ ವರ್ಷ ಮಾತುಗಳನ್ನು ಬರೆದುಕೊಂಡಳು; ಎರಡನೆಯ ವರ್ಷ, ಯಾವ ಮಾತಿಗೆ ಮುಂಚೆ ಎಷ್ಟು ಉಸಿರು ಎಂಬುದನ್ನು. ಮೂರನೆಯ ವರ್ಷದ ಹೊತ್ತಿಗೆ ಪುಸ್ತಕವೇ ಬೇಡವಾಯಿತು. ಮುಖ್ಯ ನಟಿ ಅಲ್ಲಿ ಕತ್ತು ತಿರುಗಿಸಿದರೆ ಇಲ್ಲಿ ಇವಳ ಕತ್ತು ತಾನಾಗಿ ತಿರುಗುತ್ತಿತ್ತು.

ಮುಖ್ಯ ನಟಿಯನ್ನು ತಂಡವೆಲ್ಲ ದೊಡ್ಡಕ್ಕ ಎನ್ನುತ್ತಿತ್ತು. ನಾಟಕದಲ್ಲಿ ಆಕೆ ಒಂದು ಹಳೆಯ ಬಾಡಿಗೆ ಮನೆಯ ಯಜಮಾನಿ. ಮೂರನೆಯ ಅಂಕದಲ್ಲಿ ಬೀಗದ ಕೈ ಗೊಂಚಲು ಹಿಡಿದು ಮೂರು ಮೆಟ್ಟಿಲು ಇಳಿದು ಬಂದು, ಮನೆಯನ್ನು ಮೈದುನನಿಗೆ ಒಪ್ಪಿಸಿ ಹೊರಟುಹೋಗುತ್ತಾಳೆ. ಎಡಗಾಲನ್ನು ಒಂದಿಷ್ಟು ಎಳೆಯುತ್ತ, ಬಲಗೈಯಿಂದ ಗೋಡೆ ಸವರುತ್ತ ಆಕೆ ಇಳಿಯುವಾಗ ಸಭಾಂಗಣದಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ಒಬ್ಬ ಹೆಂಗಸಿನ ಇಡೀ ಬದುಕಿನ ದಣಿವನ್ನು ಬರೀ ಕಾಲಿನಲ್ಲಿ ತೋರಿಸುವುದೆಂದರೆ ಇದು ಎಂದು ಬದಲಿ ಬೆರಗಾಗಿದ್ದಳು, ಬೆರಗಾಗಿ, ಕಲಿತಿದ್ದಳು.

ಅವಳಿದ್ದದ್ದು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ಅಣ್ಣನ ಗಾಜು ಕತ್ತರಿಸುವ ಅಂಗಡಿ. ಅತ್ತಿಗೆಯ ಮನಸ್ಸಿನಲ್ಲಿ ಕಹಿ ಇರಲಿಲ್ಲ. ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

“ನಿನ್ನಂಥ ಕೆಲಸ ಯಾರಿಗಮ್ಮಾ ಸಿಗುತ್ತೆ? ಇನ್ನೊಬ್ಬರಿಗೆ ಕೆಮ್ಮು ಬಂದರೆ ನಿನಗೆ ಬಡ್ತಿ,” ಎನ್ನುತ್ತಿದ್ದಳು. “ಆ ದೊಡ್ಡಕ್ಕನಿಗೆ ಒಂದ್ಸಲ ಐಸ್‌ಕ್ರೀಮ್ ಕೊಡಿಸಬಾರದಾ?”

“ಕೊಡಿಸಿದ್ದೆ ಅತ್ತಿಗೆ. ಇನ್ನೊಂದು ಕೇಳಿದ್ರು.”

ಅತ್ತಿಗೆ ನಕ್ಕುಬಿಡುತ್ತಿದ್ದಳು. ನಗು ಮುಗಿದ ಮೇಲೆ, ಅಣ್ಣನ ಸ್ನೇಹಿತನ ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿಗೆ ಒಬ್ಬರು ಬೇಕಂತೆ ಎಂಬ ಮಾತು ಮೆಲ್ಲಗೆ ಹೊರಬರುತ್ತಿತ್ತು. ಬದಲಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಅವಳಿಗೆ ಮೂವತ್ತೆಂಟು ತುಂಬಿತ್ತು. ತಿಂಗಳ ಸಂಬಳ ತಪ್ಪದೆ ಬರುವ ನಟಿಯರು ಊರಿಗೆ ಎಷ್ಟು ಜನ ಇದ್ದಾರು? ಆ ಒಂದು ಹೆಮ್ಮೆಯ ಮೇಲೆ ಒಂಬತ್ತು ವರ್ಷ ಉರುಳಿದ್ದವು.

ಒಂದು ಸೋಮವಾರ ಬೆಳಿಗ್ಗೆ ತಂಡದ ನಿರ್ದೇಶಕರು, ಎಲ್ಲರೂ ಮೇಷ್ಟ್ರು ಎನ್ನುವವರು, ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ದೊಡ್ಡಕ್ಕ ನಿವೃತ್ತಿಯಾಗುತ್ತಿದ್ದಾರೆ, ಹನ್ನೊಂದು ವರ್ಷ ನಡೆದ ನಾಟಕ ಈ ತಿಂಗಳಿಗೆ ಇಲ್ಲಿ ಮುಗಿಯುತ್ತದೆ.

“ಹೊಸ ನಾಟಕದಲ್ಲಿ ಆರೇ ಪಾತ್ರ. ಬದಲಿಗಳನ್ನ ಇಟ್ಕೊಳ್ಳೋ ಶಕ್ತಿ ನಮಗಿಲ್ಲ,” ಎಂದರು. “ಐದು ಪಾತ್ರಕ್ಕೆ ಜನ ಇದ್ದಾರೆ. ತೂಕದ ಕಟ್ಟೆಯ ಗುಮಾಸ್ತೆಯ ಪಾತ್ರಕ್ಕೆ ಇನ್ನೂ ಯಾರನ್ನೂ ಗೊತ್ತುಮಾಡಿಲ್ಲ. ಮಾಡಬೇಕು ಅನ್ನೋರು ಮುಂದಿನ ತಿಂಗಳು ಎಂಟನೇ ತಾರೀಖು ಬನ್ನಿ.”

ಗುಮಾಸ್ತೆ ಎಂದರೆ ಲಾರಿಗಳ ತೂಕ ಬರೆಯುವವಳು. ಸುಳ್ಳು ತೂಕ ಬರೆಯಲಾರೆ ಎಂದು ಎದ್ದು ನಿಲ್ಲುವವಳು. ಬದಲಿಯ ಲೆಕ್ಕ ಸ್ಪಷ್ಟವಾಗಿತ್ತು. ಆ ಪಾತ್ರ ಸಿಕ್ಕರೆ ಅವಳು ನಟಿ. ಸಿಗದಿದ್ದರೆ ಹಲ್ಲಿನ ಆಸ್ಪತ್ರೆಯ ಮೇಜು.

ಅವಳು ಕ್ರಮಬದ್ಧವಾಗಿ ತಯಾರಾದಳು. ಊರಾಚೆಯ ತೂಕದ ಕಟ್ಟೆಗೆ ಆರು ದಿನ ಬೆಳಿಗ್ಗೆ ಹೋಗಿ ಅಲ್ಲಿನ ಗುಮಾಸ್ತೆಯನ್ನು ನೋಡುತ್ತ ನಿಂತಳು. ಆ ಹೆಂಗಸು ಚಾಲಕರೊಂದಿಗೆ ತಲೆ ಎತ್ತದೆ ಮಾತಾಡುವುದನ್ನು, ಹಾಳೆ ತಿರುವಲು ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತುವುದನ್ನು, ಎಡಗಿವಿಯ ಮೇಲೆ ಪೆನ್ನು ಸಿಕ್ಕಿಸಿ ಅದನ್ನೇ ಹುಡುಕುವುದನ್ನು ಗುರುತು ಹಾಕಿಕೊಂಡಳು. ಮಹಡಿಯ ಕೋಣೆಯಲ್ಲಿ ಮೇಜಿನಿಂದ ಕಿಟಕಿಗೆ ಏಳು ಹೆಜ್ಜೆ ಎಂದು ಅಳೆದು ಸೀಮೆಸುಣ್ಣದ ಗೆರೆ ಎಳೆದಳು. ಕೊನೆಯ ಭಾನುವಾರ ಅಣ್ಣ ಅತ್ತಿಗೆಯರನ್ನು ಮಂಚದ ಮೇಲೆ ಕೂರಿಸಿ ಮಾಡಿ ತೋರಿಸಿದಳು.

“ಚೆನ್ನಾಗಿದೆ,” ಎಂದ ಅಣ್ಣ. ಆಮೇಲೆ, “ಎಲ್ಲೋ ನೋಡಿದ ಹಾಗಿದೆ,” ಎಂದ.

“ತೂಕದ ಕಟ್ಟೇಲಿ ನೋಡಿರ್ತೀರ,” ಎಂದಳು ಅತ್ತಿಗೆ.

“ನಾನ್ಯಾಕೆ ಅಲ್ಲಿಗೆ ಹೋಗ್ಲಿ?”

ಎಂಟನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಸಭಾಂಗಣದಲ್ಲಿ ಮೇಷ್ಟ್ರು ಒಬ್ಬರೇ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ರಂಗದ ಮೇಲೆ ಒಂದು ಮೇಜು, ಒಂದು ಕುರ್ಚಿ, ಕಿಟಕಿಯ ಬರೀ ಚೌಕಟ್ಟು. ಅವಳು ಇಡೀ ದೃಶ್ಯ ಮುಗಿಸಿದಳು. ಒಂದು ಮಾತೂ ತಪ್ಪಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಎಡಗಾಲಿಗೆ ಏನಾಗಿದೆ?”

“ಏನೂ ಆಗಿಲ್ಲ ಮೇಷ್ಟ್ರೇ.”

“ಕಿಟಕಿ ತನಕ ಹೋಗಿ ಬಾ. ಮಾತು ಬೇಡ.”

ಅವಳು ಹೋಗಿ ಬಂದಳು.

“ನಾಲ್ಕನೇ ಹೆಜ್ಜೇಲಿ ಎಡಗಾಲನ್ನ ಎಳೀತೀಯ. ತಿರುಗೋವಾಗ ಬಲಗೈ ಗೋಡೆ ಹುಡುಕುತ್ತೆ. ಇಲ್ಲಿ ಗೋಡೆ ಎಲ್ಲಿದೆ?” ಅವರ ದನಿಯಲ್ಲಿ ಕೋಪವಿರಲಿಲ್ಲ. “ಇದು ದೊಡ್ಡಕ್ಕನ ಮೊಣಕಾಲು.”

“ಅದು ಯಜಮಾನಿ ಪಾತ್ರದ ನಡಿಗೆ ಅಲ್ವಾ?”

“ಯಾವ ಪಾತ್ರ? ಮೊದಲನೇ ವರ್ಷ ಅವರು ಆ ಮೆಟ್ಟಿಲ ಮೇಲಿಂದ ಬಿದ್ದರು. ನೀನು ಆಗ ಸೇರಿರಲಿಲ್ಲ. ಚಿಪ್ಪು ಬಿರುಕು ಬಿಟ್ಟಿತ್ತು. ಅಲ್ಲಿಂದ ಈಚೆಗೆ ಹಾಗೇ ಇಳೀತಾರೆ.”

ಅವಳು ಬಗ್ಗಿ ತನ್ನ ಎಡಗಾಲನ್ನು ನೋಡಿಕೊಂಡಳು. ಇನ್ನೊಮ್ಮೆ ಮಾಡುತ್ತೇನೆ ಎಂದಳು. ಎರಡನೆಯ ಸಲ ಕಾಲನ್ನು ಬಿಗಿಹಿಡಿದು ನಡೆದಳು; ಮೇಷ್ಟ್ರು ಉಸಿರಿನ ಬಳಿ ತಡೆದರು, ‘ಆದರೆ’ ಎಂಬ ಮಾತಿಗೆ ಮುಂಚೆ ಎಳೆದುಕೊಳ್ಳುವ ಆ ಉಸಿರು ದೊಡ್ಡಕ್ಕನದು. ಮೂರನೆಯ ಸಲ ಕತ್ತಿನ ಬಳಿ ತಡೆದರು. ನಾಲ್ಕನೆಯ ಸಲ ಅವಳು ಕಾಲು, ಉಸಿರು, ಕತ್ತು, ಕೈ, ಎಲ್ಲದರ ಮೇಲೂ ಕಾವಲಿಟ್ಟು ಕೊನೆಯವರೆಗೆ ಹೋದಳು.

“ಈಗ?”

“ಈಗ ತಪ್ಪೇನೂ ಇಲ್ಲ,” ಎಂದರು ಮೇಷ್ಟ್ರು. ಆಮೇಲೆ ಬಹಳ ಮೆತ್ತಗೆ, “ಆದರೆ ಅಲ್ಲಿ ಯಾರೂ ಇಲ್ಲ,” ಎಂದರು.

ಗದರಿಸಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೇಜಿನ ಅಂಚು ಹಿಡಿದು ನಿಂತಳು. ಮೇಷ್ಟ್ರು ಎದ್ದು ರಂಗದ ಹತ್ತಿರ ಬಂದರು.

“ಹಳೇ ನಾಟಕಾನ ಸಣ್ಣ ಊರುಗಳಿಗೆ ಎರಡು ವರ್ಷ ಒಯ್ಯೋಣ ಅಂತಿದೆ. ಯಜಮಾನಿ ಪಾತ್ರ ನೀನು ಮಾಡು. ಅದು ನಿನ್ನಷ್ಟು ಚೆನ್ನಾಗಿ ಇನ್ಯಾರಿಗೂ ಬರಲ್ಲ.”

ಒಂಬತ್ತು ವರ್ಷ ಅವಳು ಕಾದಿದ್ದು ಈ ಮಾತಿಗೇ. ಅದನ್ನು ಕೇಳುವಾಗ ತನ್ನ ಕಿವಿಗಳು ಇಷ್ಟು ತಣ್ಣಗಿರುತ್ತವೆ ಎಂದು ಅವಳು ಊಹಿಸಿರಲಿಲ್ಲ.

ದೊಡ್ಡಕ್ಕ ರಂಗದ ಹಿಂದೆ, ಬಣ್ಣ ಹಚ್ಚುವ ಕೋಣೆಯಲ್ಲಿ ತಮ್ಮ ಖಾನೆಗಳನ್ನು ಖಾಲಿ ಮಾಡುತ್ತಿದ್ದರು. ಬದಲಿ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ದೊಡ್ಡಕ್ಕನ ಕೈಯಲ್ಲಿದ್ದ ಪೌಡರ್ ಡಬ್ಬಿ ಅಲ್ಲೇ ನಿಂತಿತು.

“ಕುಂಟೋದು ಕಾಣಿಸ್ತಿತ್ತಾ?”

“ಕುಂಟೋದು ಅಂತ ಅಲ್ಲ ದೊಡ್ಡಕ್ಕಾ. ನಾನು ಅಭಿನಯ ಅಂದ್ಕೊಂಡಿದ್ದೆ.”

“ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ ನಾನು,” ಎಂದರು ದೊಡ್ಡಕ್ಕ. ಅವರ ಮುಖ ಸಪ್ಪಗಾಗಿತ್ತು. “ಪ್ರತಿ ಆಟಕ್ಕೆ ಮುಂಚೆ ಎರಡು ಮಾತ್ರೆ. ಅದನ್ನ ಮುಚ್ಚಿಡೋದ್ರಲ್ಲೇ ನನ್ನ ಅರ್ಧ ಶಕ್ತಿ ಹೋಯ್ತು. ನೀನು ಕತ್ತಲಲ್ಲಿ ಕೂತು ಅದನ್ನೇ ಕಲೀತಿದ್ದೆಯಾ?”

ಬದಲಿ ಹೌದೆಂದು ತಲೆಯಾಡಿಸಿದಳು.

“ನನಗೆ ನೋವಿತ್ತು ಕಣೇ. ಬೇರೆ ದಾರಿ ಇರ್ಲಿಲ್ಲ. ನಿನಗೇನಿತ್ತು?”

“ಕೆಲಸ ಇತ್ತು,” ಎಂದಳು ಬದಲಿ.

ದೊಡ್ಡಕ್ಕ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿ, “ಒಪ್ಕೋ. ಒಪ್ಕೊಂಡು ನೆಟ್ಟಗೆ ಇಳಿ,” ಎಂದರು. “ಆ ಹೆಂಗಸು ನೆಟ್ಟಗೆ ಇಳಿದು ಬಂದರೆ ಹೇಗಿರ್ತಾಳೆ ಅಂತ ನನಗೂ ಗೊತ್ತಿಲ್ಲ. ಅವಳನ್ನ ಯಾರೂ ನೋಡಿಲ್ಲ.”

ಮನೆಯಲ್ಲಿ, ಮುಖ್ಯ ಪಾತ್ರ ಸಿಕ್ಕಿತು ಎಂದಳು. ಅತ್ತಿಗೆಯ ಕಾಲು ನೆಲಕ್ಕೆ ತಾಕಲಿಲ್ಲ.

“ಹಾಗಾದ್ರೆ ಈಗ ನಿನಗೆ ಬದಲಿ ಯಾರು?”

“ಯಾರೂ ಇಲ್ಲ. ನನಗೆ ಜ್ವರ ಬರೋ ಹಾಗಿಲ್ಲ.”

“ಮತ್ತೆ ಮುಖ ಯಾಕೆ ಹೀಗಿದೆ?” ಎಂದ ಅಣ್ಣ. ಅವಳು ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು.

ಮರುದಿನದಿಂದ ಅವಳು ಮನೆಯ ಮೆಟ್ಟಿಲುಗಳ ಮೇಲೆ ಇಳಿಯುವುದನ್ನು ಹೊಸದಾಗಿ ಕಲಿಯತೊಡಗಿದಳು. ಕೈಯಲ್ಲಿ ಅಂಗಡಿಯ ಬೀಗದ ಕೈ ಗೊಂಚಲು. ಮೊದಲ ದಿನ ಎಡಗಾಲು ಮಾತು ಕೇಳಲಿಲ್ಲ. ಮೂರನೆಯ ದಿನ ಕಾಲು ಕೇಳಿತು, ಬಲಗೈ ಕೇಳಲಿಲ್ಲ. ಕೈಗೆ ಏನಾದರೂ ಕೆಲಸ ಬೇಕು ಎಂದು, ಗೊಂಚಲನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಆಗ ಒಂದು ವಿಚಿತ್ರ ನಡೆಯಿತು. ಕೀಲಿಗಳನ್ನು ಮುಷ್ಟಿಯಲ್ಲಿ ಹಿಡಿದು ನೆಟ್ಟಗೆ ಇಳಿದಾಗ ಅವು ಅಂಗೈಗೆ ಒತ್ತಿದವು. ಒತ್ತಿದಾಗ ಹೆಜ್ಜೆ ಚುರುಕಾಯಿತು. ಏಳನೆಯ ದಿನ ಬಟ್ಟೆ ಹೊತ್ತು ಹಿಂದೆ ಬರುತ್ತಿದ್ದ ಅತ್ತಿಗೆ ಅರ್ಧದಲ್ಲೇ ನಿಂತಳು.

“ಯಾರ ಮೇಲೆ ಸಿಟ್ಟು ನಿನಗೆ?”

ಬದಲಿ ಹಿಂತಿರುಗಿ ನೋಡಿದಳು. ಹೌದಲ್ಲ, ಎನ್ನಿಸಿತು. ಮನೆಯನ್ನು ಮೈದುನನಿಗೆ ಒಪ್ಪಿಸುವ ಆ ಹೆಂಗಸಿಗೆ ದಣಿವು ಯಾಕೆ? ಅವಳಿಗೆ ಸಿಟ್ಟು ಬಂದಿದೆ. ಹನ್ನೊಂದು ವರ್ಷ ಇಡೀ ಊರು ನೋಡಿದ ಆ ನಾಟಕದಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಇದು ದೊಡ್ಡಕ್ಕನದಲ್ಲ, ಮೇಷ್ಟ್ರದಲ್ಲ. ಆ ರಾತ್ರಿ ಅವಳು ಬಹಳ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಹೊರಡುವುದಕ್ಕೆ ಎರಡು ದಿನ ಮೊದಲು ಪೂರ್ಣ ತಾಲೀಮು. ನೆಟ್ಟಗೆ ಇಳಿಯುತ್ತೇನೆ ಎಂದು ಅವಳು ಮೊದಲೇ ಹೇಳಿದಳು. ಮೇಷ್ಟ್ರು, “ನೋಡೋಣ, ಅದಕ್ಕೇನಂತೆ,” ಎಂದು ಖುಷಿಯಿಂದಲೇ ಒಪ್ಪಿದರು. ಮೂರನೆಯ ಅಂಕ ಬಂತು. ಅವಳು ಕೀಲಿ ಬಿಗಿಹಿಡಿದು ಮೂರು ಮೆಟ್ಟಿಲು ಇಳಿದಳು. ಕೆಳಗೆ ಬಂದು ನಿಂತರೆ ಕತ್ತಲು. ಬೆಳಕು ಇನ್ನೂ ಮೇಲಿನ ಮೆಟ್ಟಿಲ ಮೇಲಿತ್ತು. ಮೈದುನನ ಪಾತ್ರದವನು ಬೆನ್ನು ತಿರುಗಿಸಿ ಪೆಟ್ಟಿಗೆ ತುಂಬುತ್ತಲೇ ಇದ್ದ. ಅವಳು ತನ್ನ ಮಾತು ಆಡಿ ಮುಗಿಸಿದ ಮೇಲೆ ಗೋಡೆಯ ಗಡಿಯಾರ ಐದು ಬಾರಿಸಿತು.

“ಮತ್ತೊಂದ್ಸಲ,” ಎಂದರು ಮೇಷ್ಟ್ರು.

ಮತ್ತೊಂದು ಸಲವೂ ಅದೇ. ಮೇಲಿನ ಗೂಡಿನಿಂದ ಬೆಳಕಿನವನು ತಲೆ ಹೊರಹಾಕಿದ. “ಇಲ್ಲಿ ಬೆಳಕು ಹನ್ನೊಂದು ಸೆಕೆಂಡು ತಗೊಂಡು ಇಳಿಯುತ್ತೆ ಮೇಷ್ಟ್ರೇ. ಇವರು ನಾಲ್ಕಕ್ಕೇ ಕೆಳಗಿರ್ತಾರೆ. ಇದನ್ನ ಬದಲಾಯಿಸಿದರೆ ಹಿಂದಿನ ಮೂರು ಬೆಳಕನ್ನೂ ಬದಲಾಯಿಸಬೇಕು. ಗಡಿಯಾರದ ಸದ್ದೂ ಅದಕ್ಕೇ ಕಟ್ಟಿದೆ.”

“ನಾನು ಪೆಟ್ಟಿಗೆ ಮುಚ್ಚಿ, ಬೀಗ ಹಾಕಿ ತಿರುಗ್ಬೇಕು,” ಎಂದ ಮೈದುನನ ಪಾತ್ರದವನು. “ಅಷ್ಟರಲ್ಲಿ ಇವಳ ಸಿಟ್ಟು ಮುಗಿದುಹೋಗಿರುತ್ತೆ. ನನ್ನ ಬೆನ್ನಿಗೆ ಬೈದರೆ ನನಗೆ ಹೇಗಮ್ಮಾ ನಾಟಬೇಕು?”

ಎಲ್ಲರೂ ನಕ್ಕರು. ಬದಲಿಯೂ ನಕ್ಕಳು. ಮೇಲಿನ ಮೆಟ್ಟಿಲಲ್ಲಿ ಏಳು ಸೆಕೆಂಡು ನಿಂತು ಆಮೇಲೆ ಇಳಿದು ನೋಡಿದಳು. ನಿಂತಲ್ಲೇ ಸಿಟ್ಟು ಆರಿಹೋಯಿತು, ಮಾತು ಮರೆತವಳ ಹಾಗೆ ಕಂಡಳು. ಇನ್ನೊಂದು ಸಲ ಮೈದುನ ಬೇಗ ತಿರುಗಿ ನೋಡಿದ. ಪೆಟ್ಟಿಗೆಯ ಬೀಗ ತೆರೆದೇ ಉಳಿದು, ಅದರ ಮುಂದಿನ ದೃಶ್ಯ ಕೆಟ್ಟಿತು. ಒಂದು ಮೊಣಕಾಲಿನ ಸುತ್ತ ಹನ್ನೊಂದು ವರ್ಷ ಇಡೀ ನಾಟಕ ಬೆಳೆದುಕೊಂಡಿತ್ತು. ಆ ಮೂಳೆಯನ್ನು ತೆಗೆದರೆ ಉಳಿದದ್ದೆಲ್ಲ ಕುಸಿಯುತ್ತಿತ್ತು.

ಆರನೆಯ ಸಲದ ನಂತರ ಮೇಷ್ಟ್ರು ಹತ್ತಿರ ಬಂದರು. ಅವರಿಗೂ ಬೇಸರವಾಗಿತ್ತು.

“ನಿನ್ನದು ಚೆನ್ನಾಗಿದೆ. ನಿಜವಾಗಿ ಚೆನ್ನಾಗಿದೆ,” ಎಂದರು. “ಆದರೆ ನಾಳಿದ್ದು ಲಾರಿ ಹೊರಡುತ್ತೆ. ಹದಿನಾಲ್ಕು ಜನ ಇದನ್ನೆಲ್ಲ ಹೊಸದಾಗಿ ಕಟ್ಟೋಕೆ ಒಂದು ತಿಂಗಳು ಬೇಕು. ಸದ್ಯಕ್ಕೆ ಹಳೇದನ್ನೇ ಹಾಕು. ಮುಂದೆ ಬಿಡುವಾದಾಗ ನೋಡೋಣ.”

ಬಿಡುವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪಟ್ಟಿಯಲ್ಲಿ ಮೂವತ್ತೊಂದು ಊರುಗಳಿದ್ದವು. ಇಲ್ಲ ಎನ್ನಬಹುದೇ ಎಂದು ಒಂದು ಕ್ಷಣ ಯೋಚಿಸಿದಳು. ಇಲ್ಲ ಎಂದರೆ ಆ ಸಿಟ್ಟಿನ ಹೆಂಗಸು ಅಣ್ಣನ ಮನೆಯ ಮೆಟ್ಟಿಲುಗಳ ಮೇಲಷ್ಟೇ ಇಳಿಯುತ್ತಾಳೆ. ಬೆಳಿಗ್ಗೆ ಹಲ್ಲಿನ ಆಸ್ಪತ್ರೆಗೆ ಹೊರಡುವಾಗ.

ಅವಳು ಮೆಟ್ಟಿಲು ಹತ್ತಿದಳು. ಕೀಲಿಗಳನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. ಎಡಗಾಲನ್ನು ಎಳೆದಳು, ಬಲಗೈ ತಾನಾಗಿ ಗೋಡೆಗೆ ಹೋಯಿತು. ಬೆಳಕು ಅವಳ ಜೊತೆಜೊತೆಗೇ ಇಳಿದು ಬಂದು, ಕೊನೆಯ ಮೆಟ್ಟಿಲಲ್ಲಿ ಅವಳ ಮುಖದ ಮೇಲೆ ನಿಂತಿತು. ಗಡಿಯಾರ ಐದು ಬಾರಿಸಿತು. ಮೈದುನ ಬೀಗ ಹಾಕಿ ತಿರುಗಿದ. ಕತ್ತಲಲ್ಲಿ ಯಾರೋ ಹಿಡಿದಿಟ್ಟ ಉಸಿರು ಬಿಟ್ಟರು.

“ಹಾಂ, ಈಗ ಕೂತ್ಕೊಳ್ತು,” ಎಂದ ಬೆಳಕಿನವನು ಮೇಲಿನಿಂದ.

ಅವಳು ಯಜಮಾನಿಯ ಮಾತನ್ನು ಹೇಳಿದಳು. ‘ಆದರೆ’ಗೆ ಮುಂಚೆ ಉಸಿರು ಎಳೆದುಕೊಂಡು, ಒಂದಕ್ಷರವೂ ತಪ್ಪದ ಹಾಗೆ. ಅವಳ ಮೊಣಕಾಲು ಒಂದಿಷ್ಟೂ ನೋಯುತ್ತಿರಲಿಲ್ಲ.