ಕಿಟಕಿಯಿರುವ ಕೋಣೆಯ ಬಾಡಿಗೆ

ಸಂಬಳ ಬಂದ ಮರುದಿನ ಬೆಳಿಗ್ಗೆ ನಾನು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ, ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದಳು, "ಮುಂದಿನ ತಿಂಗಳಿಂದ ನಿನ್ನ ಕೋಣೆಗೆ ಬಾಡಿಗೆ ಕೊಡು."

ತಮಾಷೆ ಅಂದುಕೊಂಡೆ. "ಅಡ್ವಾನ್ಸ್ ಎಷ್ಟು, ಓನರಮ್ಮಾ?"

"ಅಡ್ವಾನ್ಸ್ ಬೇಡ. ಸಂಬಳದ ಐದನೇ ಒಂದು ಪಾಲು. ಒಂದನೇ ತಾರೀಕು ತಪ್ಪಬಾರದು."

ಯಂತ್ರ ಮತ್ತೆ ಓಡತೊಡಗಿತು. ನಾನು ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದೆ.

ಆಗ ನನಗೆ ಇಪ್ಪತ್ತಾರು. ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಕೆಲಸ. ಥರ್ಮಾಮೀಟರು, ತಕ್ಕಡಿ, ಬೆಳಕಿನ ಮೀಟರು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡಿ ಚೀಟಿ ಅಂಟಿಸುವುದು ನನ್ನ ಪಾಲಿನದು. "ಬೇರೆಯವರ ತಪ್ಪು ಹುಡುಕೋಕೆ ಸಂಬಳ ತಗೊಳ್ಳೋಳು ನಮ್ಮನೇಲಿ ಇವಳೊಬ್ಬಳೇ. ನಾವೆಲ್ಲ ಪುಕ್ಕಟೆ ಮಾಡ್ತೀವಿ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅಪ್ಪ ಶಾಲೆಯೊಂದರ ಬಸ್ ಓಡಿಸುತ್ತಿದ್ದ. ಅಮ್ಮ ದರ್ಜಿ. ಕೋಟು, ಪ್ಯಾಂಟು, ಸಮವಸ್ತ್ರ ಹೊಲಿಯುತ್ತಿದ್ದಳು. ಯಂತ್ರ ಇದ್ದದ್ದು ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ. ಅಲ್ಲಿ ಯಾರಾದರೂ ದಾಟಬೇಕಾದರೆ ಅಮ್ಮ ಕುರ್ಚಿ ಎಳೆದುಕೊಂಡು ಹೊಟ್ಟೆ ಒಳಗೆ ಮಾಡಬೇಕಿತ್ತು.

ಆ ಎರಡು ವರ್ಷದಲ್ಲಿ ನಾನು ಕೈ ಬಿಗಿ ಹಿಡಿದವಳಲ್ಲ. ಫ್ರಿಜ್ ತಂದಿದ್ದೆ, ಅಪ್ಪನ ಕನ್ನಡಕ ಮಾಡಿಸಿದ್ದೆ, ಅಡುಗೆಮನೆಯ ನಲ್ಲಿ ಬದಲಾಯಿಸಿದ್ದೆ. ಕೇಳದೆ ಕೊಟ್ಟವಳ ಹತ್ತಿರ ಕೇಳಿ ತೆಗೆದುಕೊಳ್ಳುವುದು ಅಂದರೇನು? ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಐದನೇ ಒಂದು ಪಾಲಿಗೆ ಕೆಲಸದ ಹತ್ತಿರವೇ ಎಲ್ಲಾದರೂ ಇರಬಹುದಿತ್ತು. ದಿನಕ್ಕೆ ಎರಡು ಗಂಟೆ ಬಸ್ಸೂ ಉಳಿಯುತ್ತಿತ್ತು.

ಸಂಜೆ ಅಪ್ಪ ನನ್ನನ್ನು ಮೆಟ್ಟಿಲ ಬಳಿ ತಡೆದ. "ಕೊಡಬೇಡ ವಿಜ್ಞಾನಿ. ನಾನು ಮಾತಾಡ್ತೀನಿ."

ಒಳಗೆ ಹೋಗಿ ಮಾತಾಡಿಯೂ ಆಡಿದ. "ಹೆತ್ತ ಮಗಳ ಹತ್ರ ಬಾಡಿಗೆ ವಸೂಲಿ ಮಾಡ್ತಾರೇನೇ? ಜನ ಏನಂತಾರೆ?"

"ಜನರ ಹತ್ರ ಏನೂ ಕೇಳಿಲ್ಲವಲ್ಲ ನಾನು."

"ನಾನಂತೂ ಆ ದುಡ್ಡು ಮುಟ್ಟಲ್ಲ, ಹೇಳಿರ್ತೀನಿ."

"ಮುಟ್ಟಿ ಅಂತ ಕೊಟ್ಟೋರು ಯಾರು ರೀ ನಿಮಗೆ?"

ಅಪ್ಪನ ಸಂಧಾನ ಅಲ್ಲಿಗೆ ಮುಗಿಯಿತು.

ಶನಿವಾರ ಮಧ್ಯಾಹ್ನ, ತೂಕದ ವಿಭಾಗದ ಗೆಳತಿಯ ಜೊತೆ ಅವಳು ಇರುವ ಮನೆಗೆ ಹೋದೆ. ಪ್ಲೈವುಡ್ ಹಲಗೆ ನಿಲ್ಲಿಸಿ ಒಂದು ಹಜಾರವನ್ನು ಮೂರು ಕೋಣೆ ಮಾಡಿದ್ದರು. ಖಾಲಿ ಇದ್ದದ್ದು ನಡುವಿನದು. ಹಲಗೆಯ ಆಚೆ ಯಾರೋ ಸೀನಿದರು. ನಾನು "ಕ್ಷಮಿಸಿ" ಅಂದೆ, ಯಾಕೆಂದು ಗೊತ್ತಿಲ್ಲ. ಆದರೂ ಒಂದು ವಾರದ ಸಮಯ ಕೇಳಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ಟೀ ಕುಡಿಯುವಾಗ ವಿಷಯ ತೆಗೆದೆ.

"ನನಗೊಂದು ಕೋಣೆ ಸಿಕ್ಕಿದೆ. ನೀನು ಕೇಳಿದ್ದಕ್ಕಿಂತ ಕಮ್ಮಿ."

ಅಮ್ಮ ಲೋಟ ಕೆಳಗಿಟ್ಟಳು. ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡಿದ್ದೆ. ಎರಡಕ್ಕೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ.

"ಕಿಟಕಿ ಯಾವ ಕಡೆಗಿದೆ?" ಅಂದಳು.

"ಕಿಟಕಿ ಇಲ್ಲ. ಮೇಲೆ ಒಂದು ಗಾಳಿಗಂಡಿ ಇದೆ."

"ಹಾಗಾದ್ರೆ ಅದು ಕಮ್ಮಿ ಬಾಡಿಗೆ ಏನಲ್ಲ" ಎಂದು ಲೋಟ ಎತ್ತಿಕೊಂಡು ಎದ್ದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೂರನೇ ಬೀದಿಯ ವಕೀಲೆ. ತೋಳಿನ ಮೇಲೆ ಕಪ್ಪು ಕೋಟು. ಅಮ್ಮ ನಾಲ್ಕು ದಿನದ ಹಿಂದೆ ಹೊಲಿದುಕೊಟ್ಟದ್ದು.

"ಟೈಲರಮ್ಮಾ, ಬೇಜಾರು ಮಾಡ್ಕೋಬೇಡಿ. ನಿನ್ನೆ ಕೋರ್ಟಿನ ಮುಂದೆ ಬಿಸಿಲಲ್ಲಿ ನಿಂತಿದ್ದೆ, ನಮ್ಮ ಸೀನಿಯರ್ ತೋರಿಸಿದ್ರು." ಆಕೆ ಕೋಟನ್ನು ಬಾಗಿಲಾಚೆ ಹಿಡಿದು ಕಾಲರನ್ನು ಮಡಿಚಿದಳು. ಕಪ್ಪು ಬಟ್ಟೆಯ ಮೇಲೆ ಉದ್ದಕ್ಕೂ ಕಡುನೀಲಿ ದಾರದ ಹೊಲಿಗೆ. ಗೆರೆ ಮಾತ್ರ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಎರಡೂ ಒಂದೇ ಬಣ್ಣ. ಬೆಳಕು ಸಾಲದಿದ್ದರೆ ಕಣ್ಣು ಮೊದಲು ಕಳೆದುಕೊಳ್ಳುವುದು ಬಣ್ಣವನ್ನು, ಆಮೇಲೆ ಆಕಾರವನ್ನು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

"ಸಂಜೆ ಒಳಗೆ ಬಿಚ್ಚಿ ಹೊಲಿದು ಕೊಡ್ತೀನಿ, ದುಡ್ಡು ಬೇಡ" ಎಂದಳು ಅಮ್ಮ. ವಕೀಲೆ ಹೋದ ಮೇಲೆ ನನ್ನ ಕಡೆ ನೋಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೈಯಿಂದ ಹೋದ ಬಟ್ಟೆ ವಾಪಸ್ ಬಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದವಳು ಅವಳು. ಆ ಮಾತನ್ನು ಇತ್ತೀಚೆಗೆ ನಿಲ್ಲಿಸಿದ್ದಾಳೆ ಎನ್ನುವುದು ನನಗೆ ಆಗ ಹೊಳೆಯಿತು.

ನಾನು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಬೆರಳ ಸದ್ದು. ಆ ಮನೆಯಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟಿದ್ದಿಲ್ಲ, ನೂಕಿಕೊಂಡು ಬರುವುದೇ. ತೆರೆದರೆ ಅಮ್ಮ ಕೋಟು, ಕತ್ತರಿ, ಸೂಜಿಡಬ್ಬಿ ಹಿಡಿದು ನಿಂತಿದ್ದಳು.

"ಸ್ವಲ್ಪ ಹೊತ್ತು ಕಿಟಕಿ ಹತ್ರ ಕೂತ್ಕೊಳ್ಳಲಾ? ನಿನಗೆ ತೊಂದರೆ ಇಲ್ಲ ಅಂದ್ರೆ."

"ಏನಮ್ಮ ಇದು, ಬಾ."

ಅವಳು ನನ್ನ ಮೇಜಿನ ಮೇಲಿದ್ದ ಪುಸ್ತಕಗಳನ್ನು ಮುಟ್ಟದೆ, ಕುರ್ಚಿಯ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವರ ಹಾಗೆ ಕೂತಳು. ಒಂದೊಂದೇ ಹೊಲಿಗೆ ಬಿಚ್ಚಿದಳು. ಆ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ದಿನವಿಡೀ ಒಂದೇ ಸಮನೆ ಬೆಳಕು. ಕಿಟಕಿಯ ಕೆಳಗಿನ ನೆಲದಲ್ಲಿ ನಾಲ್ಕು ಗುಂಡಗಿನ ಕುಳಿಗಳಿದ್ದವು. ಅವು ಯಾವುದರ ಗುರುತೆಂದು ನಾನು ಹತ್ತು ವರ್ಷದಲ್ಲಿ ಕೇಳಿಕೊಂಡಿರಲಿಲ್ಲ. ಅಥವಾ ಗೊತ್ತಿತ್ತು, ಮರೆತಿದ್ದೆ. ಶಾಲೆಯ ಕೊನೆಯ ಪರೀಕ್ಷೆಗೆ ಓದಲು ಜಾಗವಿಲ್ಲ ಎಂದು ನಾನು ಗೋಳಾಡಿದ ವರ್ಷ, ಅಪ್ಪನೂ ಅಮ್ಮನೂ ಸೇರಿ ಯಂತ್ರವನ್ನು ಇಲ್ಲಿಂದ ಓಣಿಗೆ ಎಳೆದಿದ್ದರು. ಪರೀಕ್ಷೆ ಮುಗಿಯುವವರೆಗೆ ಅಂತ. ಆಮೇಲೆ ಇನ್ನೊಂದು ಪರೀಕ್ಷೆ ಬಂತು, ಕಾಲೇಜು ಬಂತು.

ಸೋಮವಾರ ಪ್ರಯೋಗಾಲಯದಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ಬೆಳಕಿನ ಮೀಟರೊಂದನ್ನು ಮನೆಗೆ ತಂದೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಅಮ್ಮ ಕೂತಿದ್ದಾಗಲೇ, ಸೂಜಿಯ ಪಕ್ಕ ಅದನ್ನಿಟ್ಟೆ.

"ಏನೇ ಅದು? ಜ್ವರ ನೋಡ್ತಿದೀಯಾ?"

"ಅಲ್ಲಾಡಬೇಡ."

ಮೀಟರು ತೊಂಬತ್ತಾರು ಲಕ್ಸ್ ತೋರಿಸಿತು. ಅವಳು ಬಾಗಿದಾಗ, ಅವಳದೇ ನೆರಳು ಬಿದ್ದು ಅರವತ್ತು. ನನ್ನ ಕಿಟಕಿಯ ಬಳಿ ಒಂದು ಸಾವಿರದ ಮುನ್ನೂರು. ಹೊಲಿಗೆ ಕೆಲಸಕ್ಕೆ ಏಳುನೂರೈವತ್ತಾದರೂ ಇರಬೇಕೆಂದು ನಮ್ಮ ಕೈಪಿಡಿಯಲ್ಲಿತ್ತು. ನಾನು ಆ ಅಂಕಿಗಳನ್ನು ಎರಡೆರಡು ಸಲ ತೆಗೆದೆ. ಅಭ್ಯಾಸ. ಎರಡನೇ ಸಲವೂ ಹಾಗೇ ಬಂದವು.

"ಅಮ್ಮ, ಕೋಣೆ ನೀನು ತಗೋ. ನಾನು ಗೆಳತಿ ಹತ್ರ ಹೋಗ್ತೀನಿ. ಈ ವಾರವೇ."

"ನಾನು ಕೋಣೆ ಕೇಳಿದ್ನಾ?"

"ಕೇಳಲಿಲ್ಲ, ಆದ್ರೆ..."

"ಕೇಳಿದ್ದು ಬಾಡಿಗೆ." ಅಮ್ಮ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು. "ಔಷಧಿ ಅಂಗಡಿ ಪಕ್ಕದ್ದು ಖಾಲಿ ಆಗಿದೆ, ಪೆನ್ನು ಪುಸ್ತಕ ಮಾರ್ತಿದ್ರಲ್ಲ, ಅದು. ಮುಂದೆಲ್ಲ ಗಾಜು. ಶನಿವಾರದೊಳಗೆ ಹೇಳಬೇಕು. ಅರ್ಧ ಬಾಡಿಗೆ ನನ್ನ ಹೊಲಿಗೆಯಲ್ಲಿ ಹುಟ್ಟುತ್ತೆ. ಇನ್ನರ್ಧ ನಿನ್ನ ಕೋಣೆಯಿಂದ."

"ಇದನ್ನ ಮೊದಲೇ ಹೇಳಬಾರದಿತ್ತಾ? ಕೇಳಿದ್ರೆ ಕೊಡ್ತಿರಲಿಲ್ವಾ ನಾನು?"

"ಕೊಡ್ತಿದ್ದೆ. ಫ್ರಿಜ್ ಕೊಟ್ಟ ಹಾಗೆ." ಅವಳ ದನಿಯಲ್ಲಿ ಕೊಂಕಿರಲಿಲ್ಲ. "ನಿನಗೆ ಮನಸ್ಸು ಬಂದಾಗ ಕೊಡ್ತೀಯ, ನಾನು ಖುಷಿ ಪಡ್ತೀನಿ. ಖುಷಿ ಸರಿ, ಆದ್ರೆ ಅದನ್ನ ನಂಬಿಕೊಂಡು ಅಂಗಡಿ ಬಾಗಿಲು ತೆಗೆಯೋಕಾಗಲ್ಲ. ಆ ಕೋಣೆ ನಾನು ದುಡೀತಿದ್ದ ಜಾಗ. ನಿನಗೆ ಬಿಟ್ಟುಕೊಟ್ಟೆ, ಓದೋ ಹುಡುಗಿ ಅಂತ. ಈಗ ನೀನು ದುಡೀತೀಯ. ಅದು ನನ್ನ ಪಾಲಿಗೂ ಸ್ವಲ್ಪ ದುಡೀಲಿ ಅಂದೆ, ಅಷ್ಟೇ. ಇದರಲ್ಲಿ ನಿನ್ನ ಮೇಲೆ ಸಿಟ್ಟೆಲ್ಲಿ ಬಂತು?"

ಎರಡು ವರ್ಷ ಈ ಮನೆಗೆ ನಾನು ಕೊಡುತ್ತಿದ್ದೇನೆ ಎಂಬ ಒಂದು ದೊಡ್ಡಸ್ತಿಕೆಯಲ್ಲಿ ಓಡಾಡಿಕೊಂಡಿದ್ದೆ. ತೆಗೆದುಕೊಳ್ಳುತ್ತಿದ್ದದ್ದನ್ನು ಅಳೆದೇ ಇರಲಿಲ್ಲ.

"ಅಂಗಡಿ ನೋಡೋಣ ಬಾ" ಅಂದೆ. "ಮೀಟರ್ ಕೈಯಲ್ಲೇ ಇದೆ."

ಔಷಧಿ ಅಂಗಡಿಯವರದೇ ಆ ಜಾಗ. ಬೀಗ ತೆಗೆದುಕೊಟ್ಟು, ನಾನು ಗಾಜಿನಿಂದ ಹಿಂದಕ್ಕೆ ಮೂರು ಅಡಿಗೊಮ್ಮೆ ನಿಂತು ಬರೆದುಕೊಳ್ಳುವುದನ್ನು ನೋಡಿ ಗಾಬರಿಯಾದರು. "ಏನಮ್ಮಾ ಅದು? ಒಳಗೆ ಏನಾದ್ರೂ ವಿಷ ಗಿಷ ಇದೆಯಾ?"

"ಬೆಳಕಿದೆ. ಎಷ್ಟಿದೆ ಅಂತ ನೋಡ್ತಿದೀನಿ."

"ಅದಕ್ಕೆ ಬೇರೆ ಬಾಡಿಗೆ ಕೇಳಲ್ಲ ಬಿಡಿ" ಎಂದು ನಕ್ಕರು.

ಗಾಜಿನ ಬಳಿ ಸಾವಿರದ ಒಂಬೈನೂರು. ಹಿಂದಿನ ಗೋಡೆಯ ಬಳಿ ಮುನ್ನೂರು. ಯಂತ್ರ ಎಲ್ಲಿರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಮ್ಮ ಅದರ ಮೇಲೆ ನಿಂತು, ರಸ್ತೆ ನೋಡಿ, ಎರಡು ಅಡಿ ಪಕ್ಕಕ್ಕೆ ಸರಿದಳು. "ಇಲ್ಲಿ. ಅಲ್ಲಿ ಕೂತ್ರೆ ಬಸ್ಸಿನಿಂದ ಇಳಿಯೋರಿಗೆ ನನ್ನ ಬೆನ್ನು ಕಾಣುತ್ತೆ, ಮುಖ ಕಾಣಲ್ಲ." ಅವಳ ಜಾಗದಲ್ಲಿ ಸಾವಿರದ ನಾನೂರಿತ್ತು. ಸಾಕು.

ಮನೆಗೆ ಬರುವ ದಾರಿಯಲ್ಲಿ ನನ್ನ ಷರತ್ತು ಹೇಳಿದೆ. ಬಾಡಿಗೆ ಕೊಡುವವಳ ಬಾಗಿಲನ್ನು ಇನ್ನು ಮುಂದೆ ಎಲ್ಲರೂ ತಟ್ಟಿಯೇ ಬರಬೇಕು, ಅಪ್ಪ ಕೂಡ. ಗೋಡೆಯ ಬಣ್ಣ ನಾನು ಆರಿಸುವುದು. ಭಾನುವಾರ ಎಬ್ಬಿಸಬಾರದು.

"ಒಪ್ಪಿದೆ. ಊಟದ ಡಬ್ಬಿ ಮಾತ್ರ ಬಾಡಿಗೆಯಲ್ಲಿ ಸೇರಿಲ್ಲ."

"ಅದಕ್ಕೆಷ್ಟು?"

"ಅದು ನನಗೆ ಮನಸ್ಸು ಬಂದಾಗ. ಬರದಿದ್ದ ದಿನ ನೀನೇ ಕಟ್ಟಿಕೋ."

ಗೆಳತಿಗೆ ಫೋನು ಮಾಡಿ ಕೋಣೆ ಬೇಡವೆಂದೆ. "ಸೀನಿದ್ದಕ್ಕೇನೇ?" ಅಂದಳು.

ಒಂದನೇ ತಾರೀಕು ಯಂತ್ರ ಸಾಗಿಸಿದೆವು. ಶಾಲೆಯ ಬಸ್ಸಿನಲ್ಲಿ ಸ್ವಂತ ಸಾಮಾನು ಹಾಕಬಾರದೆಂಬ ನಿಯಮ, ಹಾಗಾಗಿ ತಳ್ಳುಗಾಡಿ. ಅಪ್ಪ ಮುಂದೆ ಹಿಡಿದಿದ್ದ. "ನಾನು ಇದಕ್ಕೆ ಒಪ್ಪಿಲ್ಲ, ಗೊತ್ತಿರಲಿ" ಎಂದು ಪ್ರತಿ ತಿರುವಿನಲ್ಲೂ ಹೇಳುತ್ತಿದ್ದ, "ಹುಷಾರು, ಕಲ್ಲಿದೆ, ಎತ್ತು" ಎಂದೂ ಹೇಳುತ್ತಿದ್ದ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಸಿ ಅಂಗಡಿಗೆ ಹೋದೆ. ಇಬ್ಬರು ಗಿರಾಕಿಗಳಿದ್ದರು. ಅಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಬ್ಬರ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಕಣ್ಣಲ್ಲೇ ಬೆಂಚು ತೋರಿಸಿದಳು. ಇಬ್ಬರೂ ಹೋಗುವವರೆಗೆ ನಾನು ಕಾದೆ. ಆ ವಾರ ನನಗೆ ಬಡ್ತಿಯ ಪತ್ರ ಬಂದಿತ್ತು. ಅದರ ಜೊತೆಗೆ, ಒಂದು ವರ್ಷ ಬೇರೆ ಊರಿನ ಶಾಖೆಗೆ ಹೋಗುತ್ತೀರಾ ಎಂಬ ಪ್ರಶ್ನೆಯೂ ಇತ್ತು. ನಾಲ್ಕು ದಿನದಿಂದ ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ನಾನು ಹೋದರೆ ಅಂಗಡಿಯ ಅರ್ಧ ಬಾಡಿಗೆ ಹೋಗುತ್ತದೆ.

ಅಮ್ಮ ಪಿನ್ನುಗಳನ್ನು ತೆಗೆದಿಟ್ಟು ಕಾಗದ ಓದಿದಳು, ಗಾಜಿನ ಕಡೆ ತಿರುಗಿಸಿ ಇನ್ನೊಮ್ಮೆ ಓದಿದಳು.

"ಸಂಬಳ ಜಾಸ್ತಿ ಮಾಡಿದಾರೆ."

"ಮಾಡಿದಾರೆ. ಆದ್ರೆ ಅಂಗಡಿ..."

"ಹೋದ ತಿಂಗಳು ಪೂರ್ತಿ ಬಾಡಿಗೆ ಇಲ್ಲೇ ಹುಟ್ಟಿತು. ನಿನ್ನದು ಬ್ಯಾಂಕಲ್ಲಿದೆ." ಕಾಗದವನ್ನು ಮೊದಲಿನ ಮಡಿಕೆಯಂತೆಯೇ ಮಡಿಚಿ ಕೊಟ್ಟಳು. "ನನ್ನ ಹೆಸರಲ್ಲಿ. ಹಾಗೆ ನೋಡಬೇಡ, ಅದನ್ನ ವಾಪಸ್ ಕೊಡಲ್ಲ. ಇನ್ನೊಂದು ಯಂತ್ರ ತಗೋಬೇಕು."

ನನಗೆ ಎಷ್ಟು ನಗು ಬಂತೆಂದರೆ ಬೆಂಚಿನ ಮೇಲಿದ್ದ ಬಟ್ಟೆಗಂಟು ಕೆಳಗೆ ಬಿತ್ತು.

"ಹೋಗಬೇಕು ಅನ್ನಿಸುತ್ತಾ?" ಗಂಟು ಎತ್ತಿಡುತ್ತಾ ಕೇಳಿದಳು.

"ಅನ್ನಿಸುತ್ತೆ. ನಾಲ್ಕು ದಿನದಿಂದ ಅನ್ನಿಸ್ತಾ ಇದೆ."

"ಮತ್ತೆ ನಾಲ್ಕು ದಿನ ಸುಮ್ಮನೆ ಯಾಕೆ ಕಳೆದೆ? ಕೋಣೆಗೆ ಬೇರೆಯವರನ್ನ ಹುಡುಕಬೇಕಾದ್ರೆ ನನಗೆ ಒಂದು ತಿಂಗಳು ಮುಂಚೆ ಗೊತ್ತಾಗಬೇಕು. ವರ್ಷ ಮುಗಿಸಿ ಬಂದ್ರೆ ಮೊದಲು ನಿನ್ನನ್ನೇ ಕೇಳ್ತೀನಿ, ಅಷ್ಟು ಮಾಡಬಹುದು. ಬಾಡಿಗೆ ಆಗಿನ ರೇಟು."

"ಯಾವತ್ತಿಂದ ಲೆಕ್ಕ, ಒಂದು ತಿಂಗಳು?"

ಅಮ್ಮ ಗೋಡೆಯ ಕ್ಯಾಲೆಂಡರು ನೋಡಿದಳು. ಗಾಜಿನ ಬಾಗಿಲಲ್ಲಿ ಯಾರೋ ಒಂದು ಚೀಲ ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು.

"ಇವತ್ತಿಂದಲೇ ಹಿಡಿ" ಅಂದಳು. "ಏಳು, ಅವರಿಗೆ ಕೂರೋಕೆ ಜಾಗ ಕೊಡು."